ತೀರಿಕೊಂಡ ಕಾರ್ಯದರ್ಶಿಯ ಕಾಗದ

"ವೆಂಕಟರಮಣಪ್ಪನವರು ಬರೋಕೆ ಬರೆದಿದ್ರು. ಇದ್ದಾರಾ? ನಾನು ಮಾಲೂರು ಖಜಾನೆಯ ಮುನಿಶಾಮಿ."

ನಡು ಮಧ್ಯಾಹ್ನ. ಶ್ರೀನಿವಾಸಪುರದ ಆ ಬೀದಿಯಲ್ಲಿ ಒಂದು ನಾಯಿಯೂ ಅಲುಗಾಡುತ್ತಿರಲಿಲ್ಲ. ಮುನಿಶಾಮಿ ಎಂಬ ಹೆಸರು ಕೇಳಿ ಬಾಗಿಲು ತೆರೆದ ಆದಿಲಕ್ಷ್ಮಿಯ ಎದೆ ಹೊಡೆದುಕೊಂಡಿತು. ಮರುಕ್ಷಣ, ತಂದೆ ಬರೆದಿದ್ದಾರೆಂಬ ಮಾತಿಗೆ ಬೆನ್ನು ತಣ್ಣಗಾಯಿತು.

"ನಾಯ್ನ ತೀರಿಕೊಂಡು ಎರಡು ತಿಂಗಳಾಯ್ತು," ಎಂದಳು.

ಅವನ ಮುಖದ ಬಣ್ಣವೇ ಹೋಯಿತು. ಜೇಬಿನಿಂದ ಕಾಗದ ತೆಗೆದುಕೊಟ್ಟ. "ಇದು ಮೊನ್ನೆ ಬಂತು."

ಅದು 1941ನೇ ಇಸವಿ. ಕೋಲಾರ ಸೀಮೆಯ ಖಜಾನೆ ಗುಮಾಸ್ತರು ಕಟ್ಟಿಕೊಂಡಿದ್ದ ಸಂಘಕ್ಕೆ ಅವಳ ತಂದೆ ಕಾರ್ಯದರ್ಶಿಯಾಗಿದ್ದರು. ಅವರು ಹೋದ ಮೇಲೆ ಸಭೆಯೇ ಸೇರಿರಲಿಲ್ಲ, ಮಾಲೂರಿಗೆ ಸುದ್ದಿಯೂ ಮುಟ್ಟಿರಲಿಲ್ಲ. ಕೊನೆಯ ವರ್ಷ ಅವರ ಕೈ ನಡುಗತೊಡಗಿದಾಗ, ಸಂಘದ ಕಾಗದಗಳನ್ನೆಲ್ಲ ಅವರದೇ ಅಕ್ಷರದಲ್ಲಿ ಬರೆದವಳು ಆದಿಲಕ್ಷ್ಮಿ. ಹೊರಗಿನವರಿಗೆ ಅದು ಗೊತ್ತಿರಲಿಲ್ಲ.

ಈ ಕಾಗದದ ಅಕ್ಷರವೂ ನಾಯ್ನನದೇ. ತಾರೀಖು ಕಳೆದ ವಾರದ್ದು.

'ನನ್ನ ಮಗಳನ್ನು ನಿಮ್ಮ ಕೈಗೆ ಒಪ್ಪಿಸಬೇಕೆಂದಿದ್ದೇನೆ. ಭಾನುವಾರ ಬನ್ನಿ.'

ನಾನಂತೂ ಇದನ್ನು ಬರೆದಿಲ್ಲ... ಹಾಗಾದರೆ ಇವನೇ ಬರೆದಿರಬೇಕು. ಸತ್ತವರ ಹೆಸರಲ್ಲಿ ಹೆಣ್ಣು ಕೇಳೋಕೆ ಬಂದಿದ್ದಾನೆ.

"ನಿಮಗೆ ನಾಚಿಕೆ ಆಗಲ್ವಾ? ಹೋಗಿ ಇಲ್ಲಿಂದ."

"ಅಮ್ಮಾ, ನಾನು..." ಅವನು ಕಾಗದವನ್ನೂ ವಾಪಸು ಕೇಳಲಿಲ್ಲ. ತಲೆ ತಗ್ಗಿಸಿ ಹೊರಟುಹೋದ.

ಅವಳು ಆ ಕಾಗದವನ್ನು ದೂರಿನ ಜೊತೆ ಸಂಘದ ಅಧ್ಯಕ್ಷ ಶ್ರೀರಾಮಪ್ಪನವರಿಗೆ ಕಳಿಸಿದಳು. ಬರುವ ಭಾನುವಾರ ಕೋಲಾರದಲ್ಲಿ ಸಭೆ ಸೇರಿಸಿ ಮುನಿಶಾಮಿಯನ್ನು ಸಂಘದಿಂದ ತೆಗೆದುಹಾಕುತ್ತೇವೆ, ಕಚೇರಿಗೂ ತಿಳಿಸುತ್ತೇವೆ ಎಂದು ಉತ್ತರ ಬಂತು. ಅವನ ನೌಕರಿಯೂ ಹೋಗಬಹುದು...

ಸಭೆಯ ಹಿಂದಿನ ದಿನ ಊಟ ಮಾಡಿ ಮಲಗಿದ ಆದಿಲಕ್ಷ್ಮಿ ಎಚ್ಚರಗೊಂಡಾಗ, ತಂದೆಯ ಮೇಜಿನ ಮುಂದೆ ಕುಳಿತಿದ್ದಳು. ಬೆರಳಿಗೆ ಹಸಿ ಮಸಿ. ಎದುರಿಗಿದ್ದ ಹಾಳೆಯಲ್ಲಿ ಒಂದೇ ಸಾಲು: 'ಚಿರಂಜೀವಿ ಮುನಿಶಾಮಿಗೆ ಆಶೀರ್ವಾದಗಳು.'

ಸೋದರತ್ತೆ ಮುನಿಯಲ್ಲಮ್ಮ ಬಾಗಿಲಿಗೊರಗಿ ನಿಂತಿದ್ದಳು.

"ಇದು ಮೂರನೇ ಸಲ ಕಣೇ. ಮಲಗಿದ್ದವಳು ಎದ್ದು ಬಂದು ಬರೀತೀಯ. ಕರೆದ್ರೆ ತಿರುಗಲ್ಲ. ಮೊದಲಿನ ಎರಡನ್ನೂ ಸಂಘದ ಕಾಗದ ಅಂತ ನಾನೇ ಟಪಾಲಿಗೆ ಹಾಕ್ದೆ."

"ನಂಗ್ಯಾಕೆ ಹೇಳ್ಲಿಲ್ಲ ಅತ್ತೆ?"

"ಭಯ ಆಯ್ತು. ಬರೆಯೋವಾಗ ನೀನು ನಮ್ಮಣ್ಣನ ಹಂಗೇ ಕೆಮ್ತಿದ್ದೆ..."

ಆದಿಲಕ್ಷ್ಮಿಯ ಮೈ ಮುಳ್ಳೆದ್ದಿತು. ಅದರ ನಡುವೆಯೇ, ತಲೆ ತಗ್ಗಿಸಿ ಹೋದವನ ಬೆನ್ನು ಕಣ್ಣೆದುರು ಬಂತು.

ಮರುದಿನ ಅತ್ತೆಯ ಜೊತೆ ಸಣ್ಣ ರೈಲು ಹತ್ತಿ ಕೋಲಾರಕ್ಕೆ ಹೋದಳು. ಮುಳಬಾಗಿಲು, ಮಾಲೂರುಗಳಿಂದ ಬಂದ ನಲವತ್ತು ಗಂಡಸರ ಸಭೆ. ಹೆಂಗಸು ಒಳಗೆ ಬಂದದ್ದು ಕಂಡು ಮಾತು ನಿಂತಿತು.

"ಆ ಕಾಗದ ಬರೆದದ್ದು ನಾನು. ಮುನಿಶಾಮಿಯವರದೇನೂ ತಪ್ಪಿಲ್ಲ."

"ನೀನ್ಯಾಕಮ್ಮ ಬರೆದೆ?" ಎಂದರು ಶ್ರೀರಾಮಪ್ಪ.

"ಗೊತ್ತಿಲ್ಲ ಸ್ವಾಮಿ. ಬರೆದದ್ದೇ ನಂಗೆ ತಿಳೀಲಿಲ್ಲ."

ಹಿಂದಿನಿಂದ ಯಾರೋ ನಕ್ಕರು. ಅವಳು ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು, ಎಲ್ಲರೆದುರು ತಂದೆಯ ಸಹಿ ಹಾಕಿ ತೋರಿಸಿದಳು. ನಗು ಅಡಗಿತು. ಶ್ರೀರಾಮಪ್ಪ ದೂರನ್ನು ಹರಿದುಹಾಕಿದರು.

ಜಗಲಿಯಲ್ಲಿ ಮುನಿಶಾಮಿ ಅವಳ ಬಳಿ ಬಂದ.

"ಕ್ಷಮಿಸಿ," ಎಂದಳು ಅವಳು.

"ಒಂದು ಕೇಳ್ಬೇಕು. ಭಾನುವಾರ ಬನ್ನಿ ಅಂದ ಕಾಗದಕ್ಕೆ ಮುಂಚೆ ಇನ್ನೊಂದು ಬಂದಿತ್ತು. ನಾನು ನೌಕರಿ ಪರೀಕ್ಷೆಗೆ ಬಂದ ದಿನ ಹಸಿವಿಂದ ಬಿದ್ದದ್ದು, ನಿಮ್ಮ ತಂದೆ ತಮ್ಮ ಬುತ್ತಿ ಕೊಟ್ಟು ಯಾರಿಗೂ ಹೇಳಲ್ಲ ಅಂದದ್ದು, ಎಲ್ಲ ಇತ್ತು. ಅವರು ನಿಮಗೆ ಹೇಳಿದ್ರಾ?"

"ಇಲ್ಲ. ಈಗಲೇ ಕೇಳ್ತಿರೋದು."

ಉರಿಬಿಸಿಲಿನಲ್ಲೂ ಅವಳಿಗೆ ಚಳಿಯಾಯಿತು.

"ಮತ್ತೆ ಹೋದ ವರ್ಷದ ಕಾಗದಗಳು?" ಅವನು ಮೆಲ್ಲಗೆ ಕೇಳಿದ. "ಕೊನೇಲಿ 'ಜ್ವರ ಬಿಡ್ತಾ', 'ಊಟ ಮಾಡಿ ಹೊರಡಿ' ಅಂತ ಇರ್ತಿತ್ತು. ಅವರೇ ಬರೆಸಿದ್ದಾ?"

ಅವಳ ಮುಖ ಕೆಂಪೇರಿತು. "ಅಲ್ಲ... ಅದು ನಾನಾಗೇ ಸೇರಿಸ್ತಿದ್ದೆ. ನಿಮಗೊಬ್ಬರಿಗೇ."

"ಆ ಒಂದು ಸಾಲಿಗೋಸ್ಕರ ಟಪಾಲಿನವನ ದಾರಿ ಕಾಯ್ತಿದ್ದೆ. ಯಾರ ಮಾತು ಅಂತ ಗೊತ್ತಿರ್ಲಿಲ್ಲ." ಅವನು ತಡೆದು ಕೇಳಿದ. "ನಿಮಗೆ ಒಪ್ಪಿಗೆ ಇದ್ಯಾ? ಭಯ ಇದ್ರೆ ಬೇಡ."

"ಭಯವೂ ಇದೆ. ಒಪ್ಪಿಗೆಯೂ ಇದೆ."

"ಹಾಗಾದ್ರೆ ನೀವು ಮಲಗಿದಾಗ ನಾನು ಪಕ್ಕದಲ್ಲಿ ಕೂತಿರ್ತೀನಿ."

"ನಾನು ಎದ್ದು ಬರೆಯೋಕೆ ಕೂತ್ರೆ?"

"ಎಬ್ಬಿಸಲ್ಲ. ಮಾವ ಬರೆದು ಮುಗಿಸೋವರೆಗೂ ಕಾಯ್ತೀನಿ."