ಸನಾದಿಂದ ಬಂದ ಕರಿಮಣಿ

ಬಾಗಿಲ ಗಂಟೆಯನ್ನು ಯಾರಾದರೂ ಬಿಡದೆ ಒತ್ತಿದರೆ ನನಗೆ ಮೊದಲು ತೋಚುವುದು ಕೆಟ್ಟ ಸುದ್ದಿಯೇ. ಎರಡು ಸಾವಿರದ ಹತ್ತರ ಮಾರ್ಚ್ ತಿಂಗಳ ಆ ಶನಿವಾರವೂ ಹಾಗೇ ಆಯಿತು. ಪ್ರಫುಲ್ಲಕ್ಕನ ರೇನರ್ಸ್ ಲೇನ್ ಫ್ಲ್ಯಾಟಿನಲ್ಲಿ ಕೂತು ಟೀ ಕುಡಿಯುತ್ತಿದ್ದ ನಾನು ಎದ್ದು ಬಾಗಿಲು ತೆರೆದೆ. ಹೊರಗೆ ನಿಂತಿದ್ದ ಹುಡುಗಿಯ ಕಣ್ಣುಗಳು ಊದಿಕೊಂಡಿದ್ದವು. ಕೋಟಿನ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡಿದ್ದಳು.

"ಪ್ರಫುಲ್ಲಕ್ಕ ಇದ್ದಾರಾ? ನಾನು ನವ್ಯಶ್ರೀ. ಕುಂದಾಪುರದವಳು. ನಾನು ಕಳ್ಳಿ ಅಲ್ಲ ಅಂತ ಅವರು ತೋರಿಸಿ ಕೊಡಬೇಕು."

ಪ್ರಫುಲ್ಲಕ್ಕ ಹೀಥ್ರೂ ಕಸ್ಟಮ್ಸಿನಲ್ಲಿ ಬಹಳ ವರ್ಷ ದುಡಿದು ನಿವೃತ್ತರಾದವರು. ಜನ ಎಲ್ಲಿ ಏನನ್ನು ಅಡಗಿಸುತ್ತಾರೆ, ಅಡಗಿಸಿದ ಮೇಲೆ ಮುಖ ಹೇಗೆ ಇಟ್ಟುಕೊಳ್ಳುತ್ತಾರೆ ಎಂಬುದು ಅವರಿಗೆ ಕರತಲಾಮಲಕ. ಆ ಕಾರಣಕ್ಕೇ ನಮ್ಮ ಸುತ್ತಲಿನ ಕನ್ನಡದವರು ಪೊಲೀಸರಿಗಿಂತ ಮೊದಲು ಅವರ ಬಾಗಿಲಿಗೆ ಬರುತ್ತಿದ್ದರು. ಕೆಳಗಿನ ಫ್ಲ್ಯಾಟಿನ ನಾನು, ವೇದಾ, ಅವರ ಜೊತೆಗೆ ಹೋಗುವವಳು.

"ಮೊದಲು ಕೂತ್ಕೋ ಮಗಾ. ಕೋಟಿನ ಗುಂಡಿ ಸರಿಮಾಡಿಕೋ. ಆಮೇಲೆ ಹೇಳು," ಎಂದರು ಪ್ರಫುಲ್ಲಕ್ಕ.

ನವ್ಯಶ್ರೀ ಹಳೆಯ ಕಟ್ಟಡಗಳನ್ನು ಉಳಿಸುವ ಸಂಸ್ಥೆಯೊಂದರಲ್ಲಿ ಆರ್ಕಿಟೆಕ್ಟ್. ಗ್ರೀನ್‌ಫರ್ಡ್‌ನ ಕೊಂಕಣಿ ಕ್ರೈಸ್ತರ ಹುಡುಗ ಮ್ಯಾಥ್ಯೂ ಜೊತೆ ಅವಳ ಮದುವೆ ಈಸ್ಟರ್ ಕಳೆದ ಮೇಲೆ ನಿಶ್ಚಯವಾಗಿತ್ತು. ಮ್ಯಾಥ್ಯೂನ ತಾಯಿ ಲೂಯಿಜಾ ಮದುವೆಯಾದ ಹೊಸದರಲ್ಲಿ ಈಗಿನ ಯೆಮೆನ್‌ನ ಏಡನ್‌ನಲ್ಲಿದ್ದರು. ಗಂಡನಿಗೆ ಅಲ್ಲಿನ ಬಂದರಿನಲ್ಲಿ ಕೆಲಸ. ಸಾವಿರದ ಒಂಬೈನೂರ ಅರವತ್ತೇಳರಲ್ಲಿ, ಬ್ರಿಟಿಷರ ವಿರುದ್ಧದ ಗಲಭೆಯಲ್ಲಿ ಊರು ಬಿಟ್ಟು ಓಡುವಾಗ ತಮ್ಮ ಕರಿಮಣಿಯನ್ನು ಪಕ್ಕದ ಮನೆಯ ಗೆಳತಿ ತಖಿಯಾಳ ಕೈಗೆ ಕೊಟ್ಟಿದ್ದರು. ತಖಿಯಾ ಈಗ ಇದ್ದದ್ದು ಯೆಮೆನ್‌ನ ಬೆಟ್ಟದ ಮೇಲಿನ ರಾಜಧಾನಿ ಸನಾದಲ್ಲಿ. ಕೆಲಸದ ಮೇಲೆ ನವ್ಯಶ್ರೀ ಅಲ್ಲಿಗೆ ಹೊರಟಾಗ ಲೂಯಿಜಾ, "ಕರಿಮಣಿ ತೆಗೆದುಕೊಂಡು ಬಾ. ನಿನ್ನ ಕೊರಳಿಗೇ ಹಾಕುತ್ತೇನೆ" ಎಂದಿದ್ದರು.

"ಭಯ ಆಗಲಿಲ್ವಾ?" ಎಂದು ನಾನು ಕೇಳಿಬಿಟ್ಟೆ. ಕ್ರಿಸ್‌ಮಸ್ ದಿನ ವಿಮಾನಕ್ಕೆ ಬಾಂಬು ತಂದವನು ಯೆಮೆನ್‌ನಲ್ಲಿ ತಯಾರಾದವನು ಎಂಬ ಸುದ್ದಿ ಬಂದ ಮೇಲೆ, ಟಿವಿಯಲ್ಲಿ ಆ ಹೆಸರು ಕೇಳಿದರೂ ನಾನು ಚಾನೆಲ್ ಬದಲಿಸುತ್ತಿದ್ದೆ.

"ಹೋಗುವ ತನಕ ಆಗಿತ್ತು ಅಕ್ಕ. ಇಳಿದ ಮೇಲೆ ಭಯಕ್ಕೂ ಉಸಿರು ಬೇಕಲ್ಲ! ಅಷ್ಟು ಎತ್ತರ. ನಾಲ್ಕು ಮೆಟ್ಟಿಲಿಗೇ ಎದೆ ಬಡಿದುಕೊಳ್ಳುತ್ತೆ. ಚಳಿಗಾಲದ ಕೊನೆ; ಬೆಳಗ್ಗೆ ಬೆರಳು ಮರಗಟ್ಟುತ್ತಿತ್ತು, ಮಧ್ಯಾಹ್ನದ ಬಿಸಿಲಿಗೆ ತುಟಿ ಒಡೆಯುತ್ತಿತ್ತು." ಅವಳ ಮುಖ ಸ್ವಲ್ಪ ಅರಳಿತು. "ಮಣ್ಣುಬಣ್ಣದ ಇಟ್ಟಿಗೆಯ ಮನೆಗಳು, ಒಂದರ ಮೇಲೊಂದು ಐದಾರು ಅಂತಸ್ತು. ಕಿಟಕಿಗಳ ಸುತ್ತ ಬಿಳಿ ಗಾರೆಯ ಚಿತ್ತಾರ, ಮೇಲೆ ಬಣ್ಣದ ಗಾಜು. ತಖಿಯಾ ಇದ್ದದ್ದು ತುದಿಯ ಕೋಣೆಯಲ್ಲಿ. ಸಂಜೆ ಬಿಸಿಲು ಬಂದಾಗ ಆ ಅಜ್ಜಿಯ ಅರ್ಧ ಮುಖ ಕೆಂಪು, ಅರ್ಧ ಹಸಿರು. ಕೆಳಗೆ ತೋಟದಲ್ಲಿ ಬಾದಾಮಿ ಹೂ ಬಿಟ್ಟಿತ್ತು. ನನಗೆ ಅರಬ್ಬಿ ಬಾರದು, ಅವರಿಗೆ ಇಂಗ್ಲಿಷ್ ಬಾರದು. ಒಂದು ಮರದ ಡಬ್ಬಿ ಕೊಟ್ಟರು. ಜೊತೆಗೆ ಒಂದು ಬಟ್ಟೆಯ ಚೀಲ. ಅದನ್ನು ನನ್ನ ಎದೆಗೆ ಒತ್ತಿ ಒತ್ತಿ 'ಲೂಯಿಜಾ, ಲೂಯಿಜಾ' ಅಂದರು."

"ಚೀಲದಲ್ಲಿ ಏನಿತ್ತು?"

"ಕಾಫಿ ಬೀಜ ಅಂದುಕೊಂಡೆ. ಕಾಫಿ ಅನ್ನುವ ಹಾಗೆ ಏನೋ ಹೇಳಿದರು. ದಪ್ಪ ಬಟ್ಟೆ, ಸುತ್ತ ಬಿಗಿಯಾಗಿ ಹೊಲಿದಿತ್ತು. ಗಾತ್ರಕ್ಕೆ ಹೋಲಿಸಿದರೆ ಹಗುರ."

"ಡಬ್ಬಿ ತೆರೆದು ನೋಡಲಿಲ್ಲವಾ?"

ನವ್ಯಶ್ರೀ ತಲೆ ತಗ್ಗಿಸಿದಳು. "ಇಲ್ಲ. ಕಟ್ಟಿಸಿಕೊಳ್ಳುವವಳೇ ಮದುವೆಗೆ ಮುಂಚೆ ಕರಿಮಣಿಯನ್ನು ನೋಡಬಾರದು, ಮುಟ್ಟಬಾರದು ಅಂತ ನಮ್ಮಮ್ಮ ಹೇಳುತ್ತಿದ್ದರು. ಅದನ್ನೇ ಹೇಳಿದರೆ ಅವರ ಮನೆಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು."

ಹಿಂದಿನ ಭಾನುವಾರ ಮ್ಯಾಥ್ಯೂನ ಅಣ್ಣ ಲಿಯೋನ್ ಅವಳನ್ನು ಹೀಥ್ರೂದಿಂದ ಕರೆತಂದಿದ್ದ. ಲೂಯಿಜಾ ಚರ್ಚಿಗೆ ಹೋಗಿದ್ದರು. ಡಬ್ಬಿಯನ್ನು ಮುಂಕೋಣೆಯ ಕಪಾಟಿನಲ್ಲಿಟ್ಟು, ಚೀಲವನ್ನು ಅಡಿಗೆಮನೆಯಲ್ಲಿದ್ದ ಲಿಯೋನ್‌ನ ಹೆಂಡತಿ ಅನ್ನೆಟ್ ಕೈಗೆ ಕೊಟ್ಟು, ನವ್ಯಶ್ರೀ ಮಲಗಿದಳು. ಸಂಜೆ ಎಲ್ಲರ ಮುಂದೆ ಲೂಯಿಜಾ ಡಬ್ಬಿ ತೆರೆದರು. ಒಳಗೆ ಇದ್ದದ್ದು ಹತ್ತಿ, ಎರಡು ಚೂರು ಧೂಪ.

"ನಾಳೆ ಭಾನುವಾರ ಮದುವೆ ಮುರಿಯುತ್ತಾರೆ ಅಕ್ಕ. ಮುರಿದರೆ ಮುರಿಯಲಿ. ಆದರೆ ಕಳ್ಳಿ ಅನ್ನಿಸಿಕೊಂಡು ಹೇಗೆ ಹೊರಗೆ ಬರಲಿ?"

"ಮ್ಯಾಥ್ಯೂ ಏನು ಹೇಳಿದ?"

"ಏನೂ ಇಲ್ಲ," ಎಂದಳು ನವ್ಯಶ್ರೀ.

ಆ ಮಧ್ಯಾಹ್ನವೇ ನಾವು ಮೂವರೂ ಗ್ರೀನ್‌ಫರ್ಡ್‌ಗೆ ಹೋದೆವು. ಬಸ್ಸಿನಲ್ಲಿ ನನ್ನದು ಒಂದೇ ಯೋಚನೆ. ಹುಡುಗಿಯೇ ತೆಗೆದಿದ್ದರೆ? ಅಷ್ಟು ದೂರದಿಂದ ಕೇಳಿದ್ದನ್ನು ತೆರೆದೂ ನೋಡದೆ ತರುವವರು ಇರುತ್ತಾರೆಯೇ? ನಾನಾದರೆ ದಾರಿಯುದ್ದಕ್ಕೂ ಹತ್ತು ಸಲ ತೆರೆದು ನೋಡುತ್ತಿದ್ದೆ. ಪ್ರಫುಲ್ಲಕ್ಕನಿಗೆ ಪಿಸುಗುಟ್ಟಿದೆ.

"ಕದಿಯುವವಳು ಮುಟ್ಟಿಯೇ ಇಲ್ಲ ಅಂತ ಇಷ್ಟು ದಡ್ಡ ಕಾರಣ ಕೊಡುವುದಿಲ್ಲ, ವೇದಾ. ದಾರಿಯಲ್ಲಿ ಯಾರೋ ಕದ್ದರು ಅಂತ ಅವಳು ಅನ್ನಬಹುದಿತ್ತು," ಎಂದರು ಅವರು ಮೆಲ್ಲಗೆ.

ಕರೆಯುವ ತನಕ ಹೊರಗೇ ಇರುತ್ತೇನೆ ಎಂದಳು ನವ್ಯಶ್ರೀ. ಅಡಿಗೆಮನೆಯಲ್ಲಿ ಅನ್ನೆಟ್ ಇಡ್ಲಿಯಂಥ ಸಾನ್ನಾ ಬೇಯಿಸುತ್ತಿದ್ದಳು. ಹಬೆಗೆ ಕಿಟಕಿ ಗಾಜು ಬೆಳ್ಳಗಾಗಿತ್ತು. ಸದಾ ಚಳಿ ಎನ್ನುವ ನಾನೇ ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡೆ. ಅನ್ನೆಟ್ ಗದ್ದದವರೆಗೂ ಏರಿದ ಉಣ್ಣೆಯ ಸ್ವೆಟರ್ ತೊಟ್ಟಿದ್ದಳು. ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಳ್ಳುತ್ತಲೇ ಇದ್ದಳು.

"ಪ್ರಫುಲ್ಲಕ್ಕ, ನೀವು ಬಂದದ್ದು ಒಳ್ಳೇದಾಯ್ತು ಮಾರಾಯ್ರೆ. ಒಂದು ವಾರದಿಂದ ಮಾಂಯ್ ಸರಿಯಾಗಿ ಉಣ್ಣುತ್ತಿಲ್ಲ," ಎಂದಳು. ಅತ್ತೆಯನ್ನು ಅವಳು ಕರೆಯುತ್ತಿದ್ದದ್ದು ಹಾಗೆ.

"ಹುಡುಗಿ ಒಂದು ಚೀಲವನ್ನೂ ತಂದಿದ್ದಳಂತಲ್ಲ?"

"ಓ, ಅದಾ? ಬಂದ ದಿನವೇ ಕಸದ ಬಿನ್ನಿಗೆ ಹಾಕಿದೆ, ಬಿಚ್ಚಲೂ ಇಲ್ಲ. ತಪಸ್ಸುಕಾಲ ಅಲ್ವಾ, ಈಸ್ಟರ್ ತನಕ ಮನೆಯಲ್ಲಿ ಯಾರೂ ಕಾಫಿ ಮುಟ್ಟುವುದಿಲ್ಲ. ಮತ್ತೆ ಆ ಸಿಪ್ಪೆಯನ್ನು ಇಟ್ಟುಕೊಂಡು ಎಂತ ಮಾಡುವುದು?"

ಬಾಗಿಲಲ್ಲಿ ಲಿಯೋನ್ ಕಾಣಿಸಿಕೊಂಡ. ದಪ್ಪ ದನಿಯ, ದಪ್ಪ ಮೀಸೆಯ ಮನುಷ್ಯ. "ಏನನ್ನು ಬಿನ್ನಿಗೆ ಹಾಕಿದೆ? ಯೆಮೆನ್ ಕಾಫಿಯನ್ನಾ? ಅಯ್ಯೋ ದೇವರೇ! ಕಾಫಿ ಬಿಟ್ಟು ನಾನಿಲ್ಲಿ ದಿನ ಎಣಿಸುತ್ತಾ ಇದ್ದೇನೆ!"

"ಕಪಾಟಿನ ಹತ್ತಿರ ಆ ದಿನ ಯಾರು ಹೋಗಿದ್ದರು?" ಎಂದರು ಪ್ರಫುಲ್ಲಕ್ಕ.

"ನಾನು ಟಿವಿ ಮುಂದೆ ಅಲ್ಲೇ ಮಲಗಿದ್ದೆ. ನನ್ನ ಗೊರಕೆಗೆ ಕಳ್ಳ ಬಂದರೂ ಓಡಿಹೋಗುತ್ತಾನೆ. ಬೇಕಾದರೆ ನನ್ನ ಮೇಲೇ ಬರೆದುಕೊಳ್ಳಿ."

ಅನ್ನೆಟ್ ನಗಲಿಲ್ಲ.

ಲೂಯಿಜಾ ಮೇಲಿನ ಕೋಣೆಯಲ್ಲಿ ಜಪಸರ ಹಿಡಿದು ಕೂತಿದ್ದರು. ಹಿರಿಯ ಕ್ರೈಸ್ತ ಹೆಂಗಸರನ್ನು ಕರೆಯುವ ಉಡುಪಿ ಕಡೆಯ ಹಳೆಯ ರೂಢಿಯಂತೆ ಪ್ರಫುಲ್ಲಕ್ಕ ಅವರನ್ನು ಬಾಯಮ್ಮ ಎಂದರು.

"ಬಾಯಮ್ಮ, ತಖಿಯಾಗೆ ಫೋನ್ ಮಾಡಿ ಕೇಳಿದಿರಾ?"

"ಹೇಗೆ ಕೇಳಲಿ? ಇಷ್ಟು ವರ್ಷ ನನ್ನ ಒಡವೆ ಕಾದವಳಿಗೆ, ನೀನು ಕಳಿಸಿದ ಡಬ್ಬಿ ಖಾಲಿ ಇತ್ತು ಅನ್ನಲಾ? ನಾಚಿಕೆ ಆಗುವುದಿಲ್ವಾ? ಅವಳು ಆ ಮಾತಿಗೇ ಸಾಯುತ್ತಾಳೆ."

"ಸರಿ ಬಿಡಿ. ಏಡನ್‌ನಲ್ಲಿ ನೀವಿಬ್ಬರೂ ಸಂಜೆ ಕೂತು ಏನು ಮಾಡುತ್ತಿದ್ದಿರಿ?"

ಆ ಪ್ರಶ್ನೆಗೆ ಮುದುಕಿಯ ಬಿಗಿದ ತುಟಿ ಸಡಿಲಿತು. "ಎಂತ ಮಾಡುವುದು, ಗಂಡಂದಿರನ್ನು ಬೈಯುವುದು! ಕಿಶ್ರ್ ಕುಡಿಯುತ್ತಿದ್ದೆವು. ಕಾಫಿ ಹಣ್ಣಿನ ಒಣ ಸಿಪ್ಪೆಯನ್ನು ಶುಂಠಿ ಹಾಕಿ ಕುದಿಸುವುದು. ಬೀಜ ಮಾರಲಿಕ್ಕೆ, ಸಿಪ್ಪೆ ಮನೆಯವರಿಗೆ. ನಾನು ಮೊದಲು ನಕ್ಕಿದ್ದೆ, ನಮ್ಮಲ್ಲಿ ಅದನ್ನು ಗಿಡದ ಬುಡಕ್ಕೆ ಹಾಕ್ತೇವೆ ಅಂತ. ತಖಿಯಾ ಗಂಡನ ಕಣ್ಣು ತಪ್ಪಿಸಿ ಓಲೆ, ಉಂಗುರ ಎಲ್ಲಾ ಆ ಸಿಪ್ಪೆಯ ಡಬ್ಬಿಯೊಳಗೇ ಇಡುತ್ತಿದ್ದಳು. ಅಡಿಗೆಮನೆಯ ಡಬ್ಬಿಗೆ ಯಾವ ಗಂಡಸು ಕೈ ಹಾಕುತ್ತಾನೆ ಹೇಳಿ?"

"ಹುಡುಗಿಯ ಜೊತೆ ತಖಿಯಾ ನಿಮಗೆ ಬೇರೆ ಏನನ್ನಾದರೂ ಕಳಿಸಿದ್ದರಾ?"

"ಇಲ್ಲವಲ್ಲ. ಅದೇ ನನಗೂ ಆಶ್ಚರ್ಯ."

ಪ್ರಫುಲ್ಲಕ್ಕ ಎದ್ದರು. "ಎಲ್ಲರೂ ಕೆಳಗೆ ಸೇರೋಣ ಬಾಯಮ್ಮ. ನವ್ಯಶ್ರೀಯೂ ಬರುತ್ತಾಳೆ."

ಮುಂಕೋಣೆಯಲ್ಲಿ ಎಲ್ಲರೂ ಕೂತರು. ನವ್ಯಶ್ರೀ ಬಾಗಿಲ ಪಕ್ಕದ ಕುರ್ಚಿಯಲ್ಲಿ, ಕೋಟು ಬಿಚ್ಚದೆ. ಮ್ಯಾಥ್ಯೂ ಅಮ್ಮನ ಪಕ್ಕದಲ್ಲಿ. ತೆಳ್ಳಗಿನ, ಸುಂದರ ಹುಡುಗ. ಎಲ್ಲರನ್ನೂ ಬಿಟ್ಟು ಕಾರ್ಪೆಟ್ಟನ್ನೇ ನೋಡುತ್ತಿದ್ದ. ಪ್ರಫುಲ್ಲಕ್ಕನ ಲೆಕ್ಕ ತಪ್ಪಿದರೆ ಈ ಹುಡುಗಿಗೆ ಇನ್ನೊಮ್ಮೆ ಎಲ್ಲರೆದುರು ಅವಮಾನ.

"ಡಬ್ಬಿಯಿಂದ ಯಾರೂ ಏನನ್ನೂ ಕದಿಯಲಿಲ್ಲ. ಅದು ಸನಾದಿಂದ ಹೊರಡುವಾಗಲೇ ಖಾಲಿ," ಎಂದು ಪ್ರಫುಲ್ಲಕ್ಕ ಶುರು ಮಾಡಿದರು.

"ತಖಿಯಾ ಅಂಥವಳಲ್ಲ!" ಎಂದರು ಲೂಯಿಜಾ.

"ಅಂಥವಳಲ್ಲ, ಬುದ್ಧಿವಂತೆ. ನೀವು ನಾಚಿಕೆ ಬಿಟ್ಟು ಫೋನ್ ಮಾಡಿದ್ದರೆ ಅವರೇ ಹೇಳುತ್ತಿದ್ದರು. ಈಗ ಯೆಮೆನ್‌ನಿಂದ ಬರುವವರ ಸಾಮಾನನ್ನು ಹೇಗೆ ಜಾಲಾಡುತ್ತಾರೆ ಅಂತ ಅವರಿಗೂ ಗೊತ್ತು. ದಾರಿಯಲ್ಲಿ ಯಾರು ಕೇಳಿದರೂ ತೋರಿಸಲಿಕ್ಕೆ ಒಂದು ಚಂದದ ಡಬ್ಬಿ ಕೊಟ್ಟರು. ಕರಿಮಣಿಯನ್ನು ತಮ್ಮ ಹಳೆಯ ಜಾಗದಲ್ಲೇ ಅಡಗಿಸಿದರು. ಬಾಯಮ್ಮ, ನವ್ಯಶ್ರೀ ನಿಮಗಾಗಿ ಒಂದು ಚೀಲ ತಂದಿದ್ದಳು. ಕಿಶ್ರ್ ತುಂಬಿದ ಚೀಲ."

"ಚೀಲವಾ?" ಲೂಯಿಜಾ ಜಪಸರವನ್ನು ಮಡಿಲಿಗೆ ಇಳಿಬಿಟ್ಟರು. "ಯಾವ ಚೀಲ? ನನಗೆ ಯಾರೂ ಹೇಳಲಿಲ್ಲ."

"ಡಬ್ಬಿಯನ್ನು ಅವರು ಸುಮ್ಮನೆ ಕೊಟ್ಟರು. ಚೀಲವನ್ನು ಮಾತ್ರ ಹುಡುಗಿಯ ಎದೆಗೆ ಒತ್ತಿ ನಿಮ್ಮ ಹೆಸರು ಹೇಳಿದರು. ಅಲ್ಲಿ ಮನೆಮನೆಯಲ್ಲಿ ಸಿಗುವ ಸಿಪ್ಪೆಗೆ ಸುತ್ತ ಬಿಗಿ ಹೊಲಿಗೆ ಯಾಕೆ? ಅರಬ್ಬಿ ಬಾರದ ನವ್ಯಶ್ರೀಗೆ ತಿಳಿಯಲಿಲ್ಲ. ಕಾಫಿ ಬೀಜ ಅಂದುಕೊಂಡಳು. ಅನ್ನೆಟ್ ಕೈಗೆ ಕೊಟ್ಟಳು."

"ನಾನು ಬಿನ್ನಿಗೆ ಹಾಕಿದೆ ಅಂದೆನಲ್ಲ," ಎಂದಳು ಅನ್ನೆಟ್. "ನನಗೇನು ಗೊತ್ತು ಒಳಗೆ ಏನಿದೆ ಅಂತ?"

"ಗೊತ್ತಿತ್ತು ತಂಗಿ. ತಂದವಳಿಗೆ ಅದು ಬೀಜ. ಲಿಯೋನ್‌ಗೆ ಅದು ಕಾಫಿ. 'ಸಿಪ್ಪೆ' ಅಂದವಳು ನೀನೊಬ್ಬಳೇ. ಆ ದಪ್ಪ ಬಟ್ಟೆಯ ಹೊಲಿಗೆ ಬಿಚ್ಚದೆ ಅದು ತಿಳಿಯುವುದಿಲ್ಲ. ಇನ್ನೊಂದು: ತಪಸ್ಸುಕಾಲಕ್ಕೆ ಕಾಫಿ ಬಿಟ್ಟವರು ಕಾಫಿಯನ್ನು ಎಸೆಯುವುದಿಲ್ಲ, ಈಸ್ಟರ್‌ಗೆ ಎತ್ತಿಡುತ್ತಾರೆ. ನಿನ್ನ ಗಂಡ ದಿನ ಎಣಿಸುತ್ತಿದ್ದಾನೆ, ಅದು ನಿನಗೆ ಗೊತ್ತಿಲ್ಲವಾ?"

ಲಿಯೋನ್ ಹೆಂಡತಿಯ ಕಡೆ ತಿರುಗಿದ. ಈ ಸಲ ಅವನು ತಮಾಷೆ ಮಾಡಲಿಲ್ಲ.

"ಮೂರನೆಯದು ವೇದಾಳಿಂದ ತಿಳಿದದ್ದು. ಅವಳು ಕೋಟು ಬಿಚ್ಚಿದ್ದಳು. ಈ ಚಳಿಪುಕ್ಕಿ ಬಿಚ್ಚಬೇಕಾದರೆ ಆ ಅಡಿಗೆಮನೆ ಕುಲುಮೆಯಾಗಿರಬೇಕು. ಅಂಥ ಹಬೆಯಲ್ಲಿ ಅನ್ನೆಟ್ ಕುತ್ತಿಗೆ ಮುಚ್ಚಿಕೊಂಡು ಬೆವರುತ್ತಿದ್ದಳು. ಬಾಯಮ್ಮ, ನಿಮ್ಮ ಕರಿಮಣಿ ಈ ಕೋಣೆಯಲ್ಲೇ ಇದೆ."

ಅನ್ನೆಟ್ ಎರಡು ಕೈಗಳಿಂದ ಸ್ವೆಟರಿನ ಕತ್ತನ್ನು ಹಿಡಿದಳು, ಮುಚ್ಚಿಕೊಳ್ಳುವವಳಂತೆ. ಆಮೇಲೆ ಕೆಳಗೆ ಎಳೆದಳು. ಸಣ್ಣ ಕರಿಮಣಿಗಳ ಎರಡು ಎಳೆ, ನಡುವೆ ಸವೆದ ಚಿನ್ನದ ಪದಕ. ಬೆವರಿಗೆ ಚರ್ಮ ಕೆಂಪಾಗಿತ್ತು.

"ಸಿಪ್ಪೆಯನ್ನು ಬಾಟಲಿಗೆ ಹಾಕಲಿಕ್ಕೆ ಅಂತ ಬಿಚ್ಚಿದೆ. ಸಿಕ್ಕಿತು. ಮೇಲೆ ಹೋಗಿ ಒಂದು ಸಲ ಹಾಕಿ ನೋಡಿ ಕೊಡುವಾ ಅಂದುಕೊಂಡೆ. ಅಷ್ಟರಲ್ಲಿ ಕೆಳಗಿನಿಂದ ಕರೆದರು. ಡಬ್ಬಿ ಖಾಲಿ. ಎಲ್ಲರೂ ಅವಳನ್ನು ನೋಡಿದರು. ನಾನು ಬಾಯಿ ಬಿಡಲಿಲ್ಲ." ಅವಳ ದನಿ ಏರಿತು. "ಮಾಂಯ್, ಈ ಕರಿಮಣಿಯ ಕತೆಯನ್ನು ನೀವು ಯಾರ ಹತ್ತಿರ ಹೇಳುತ್ತಿದ್ದಿರಿ? ನಿಮ್ಮ ಕಾಲು ಒತ್ತುವಾಗ, ಆಸ್ಪತ್ರೆಯಲ್ಲಿ ಪಕ್ಕ ಕೂತಾಗ? ನನ್ನ ಮದುವೆಗೆ ಅಂಗಡಿಯದ್ದು ತಂದು ಹಾಕಿದಿರಿ. ಮನೆಗೆ ಇನ್ನೂ ಬಾರದವಳಿಗೆ ಇದಾ?"

"ಬಾಯಿಬಿಟ್ಟು ಕೇಳಿದ್ದರೆ ಕೊಡುತ್ತಿದ್ದೆನಲ್ಲ ಮಗಳೇ," ಎಂದರು ಲೂಯಿಜಾ ಅಳುತ್ತಾ.

"ಕೇಳಿ ಪಡೆಯುವಂಥದ್ದಾ ಅದು?"

ಕೊಂಡಿ ಕೂದಲಿಗೆ ಸಿಕ್ಕಿಕೊಂಡಿತ್ತು. ಲಿಯೋನ್ ಎದ್ದು, ದಪ್ಪ ಬೆರಳುಗಳಿಂದ ಮೆತ್ತಗೆ ಬಿಡಿಸಿ ತಾಯಿಯ ಕೈಗೆ ಕೊಟ್ಟ. ಲೂಯಿಜಾ ಕಷ್ಟಪಟ್ಟು ಎದ್ದು ಬಾಗಿಲ ಪಕ್ಕದ ಕುರ್ಚಿಯ ಮುಂದೆ ನಿಂತರು.

"ತಪ್ಪಾಯ್ತು ಮಗಾ. ಎಲ್ಲಾ ಮರೆತುಬಿಡು."

ನವ್ಯಶ್ರೀಯೂ ಎದ್ದಳು. ಕೈ ಚಾಚಲಿಲ್ಲ. "ತಖಿಯಾ ಅವರನ್ನು ಒಂದು ಮಾತು ಕೇಳಲಿಕ್ಕೆ ನಿಮಗೆ ನಾಚಿಕೆಯಾಯಿತು ಆಂಟಿ. ನನ್ನನ್ನು ಕಳ್ಳಿ ಅನ್ನಲಿಕ್ಕೆ ನಾಚಿಕೆ ಆಗಲಿಲ್ಲ." ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡಳು. "ಅದನ್ನು ಅನ್ನೆಟ್ ಅಕ್ಕನಿಗೇ ಕೊಡಿ. ನನಗೆ ಬೇಡ. ಸಿಟ್ಟಿನಿಂದ ಹೇಳುತ್ತಿಲ್ಲ. ಮದುವೆಯ ಮಾತು ನಾನೂ ಮ್ಯಾಥ್ಯೂವೂ ಆಡಬೇಕಾದದ್ದು. ಅವನಿಗೆ ಆಡಲಿಕ್ಕೆ ಬಂದರೆ."

ಮ್ಯಾಥ್ಯೂ ಆಗ ತಲೆ ಎತ್ತಿದ. "ನಾನು ನಿನ್ನ ಜೊತೆ ಬರಲಾ?"

"ಸ್ಟೇಷನ್ ತನಕ ಬಾ."

ನಮ್ಮ ಬಸ್ ನಿಲ್ದಾಣವೂ ಆ ಕಡೆಯೇ. ಅವರಿಬ್ಬರು ಮುಂದೆ, ನಾವು ಹಿಂದೆ. ದಾರಿಯಲ್ಲಿ ಅವನು ಏನೋ ಹೇಳುತ್ತಲೇ ಇದ್ದ. ವಾರವಿಡೀ ಹೇಳದ್ದನ್ನೆಲ್ಲ ಹೇಳುತ್ತಿದ್ದನೋ ಏನೋ. ಅವಳು ಒಮ್ಮೆಯೂ ತಿರುಗಲಿಲ್ಲ. ನಾನು ಹೆಜ್ಜೆ ಚುರುಕು ಮಾಡಿದರೆ ಪ್ರಫುಲ್ಲಕ್ಕ ತೋಳು ಹಿಡಿದು ಜಗ್ಗಿದರು.

ನವ್ಯಶ್ರೀ ರೈಲಿನ ಕಾರ್ಡ್ ತಾಗಿಸಿ ಸ್ಟೇಷನ್ನಿನ ಗೇಟು ದಾಟಿದಳು. ಮ್ಯಾಥ್ಯೂ ಈಚೆ ನಿಂತ. ಎಸ್ಕಲೇಟರ್ ಹತ್ತಿರ ಹೋದವಳು ನಿಂತಳು. ಬೆನ್ನು ನಮ್ಮ ಕಡೆಗಿತ್ತು. ಆಮೇಲೆ ಅವಳು ತಿರುಗಿದಳು.

"ಕಾರ್ಡ್ ತಂದಿದ್ದೀಯಾ, ಇಲ್ಲ ಅದನ್ನೂ ಅಮ್ಮನ ಹತ್ತಿರ ಬಿಟ್ಟು ಬಂದೆಯಾ?"

ಮ್ಯಾಥ್ಯೂ ಎರಡೂ ಜೇಬು ತಡಕಾಡತೊಡಗಿದ.