ಬಾಗಿಲ ಮೇಲಿನ ಕೈ

"ಇನ್ನೊಂದು ಕೈ ಬಂದು ಮುಟ್ಟೋವರೆಗೂ ಈ ಕೈ ಏಳಬಾರದು ಅಳಿಯಂದ್ರೇ. ತಮಾಷೆಗೂ ಏಳಬಾರದು."

ಚರ್ಚಿನ ನೆಲಮಾಳಿಗೆಯಲ್ಲಿ ಹಳೆಯ ಬಾಗಿಲೊಂದಕ್ಕೆ ಅಂಗೈ ಒತ್ತಿ ಕುಳಿತಿದ್ದ ಅತ್ತೆ ಹೀಗೆಂದಾಗ ಬಡಗಿ ಅಳಿಯನಿಗೆ ನಗು ತಡೆಯಲಾಗಲಿಲ್ಲ. ಮದುವೆಯಾಗಿ ಈ ಮನೆ ಸೇರಿದ ಹೊಸತು. ಚರ್ಚಿನ ಕಾವಲು ಹೆಂಡತಿಯ ಮನೆತನದ್ದು. ವಾಸ ನೆಲಮಾಳಿಗೆಯ ಮೇಲಿನ ಕೋಣೆಗಳಲ್ಲಿ. ಎಂದೋ ಒಬ್ಬ ಮಾಟಗಾರ ಕರೆತಂದ ಕೇಡು ಆ ಬಾಗಿಲ ಹಿಂದಿದೆಯಂತೆ. ಲೋಕದ ಕೊನೆಯವರೆಗೂ ಅದನ್ನು ತಡೆದು ನಿಲ್ಲಿಸಿರುವವನು ದೇವರೇ, ಆದರೆ ಒತ್ತಿ ಹಿಡಿಯಲು ಆತ ಮನುಷ್ಯರ ಕೈಯನ್ನೇ ಕೇಳುತ್ತಾನಂತೆ. ಅದಕ್ಕೇ ಆ ಮನೆಯ ಹೆಂಗಸರು ಸರದಿಯಂತೆ ಪ್ರಾರ್ಥಿಸುತ್ತ ಕೂರುತ್ತಿದ್ದರು.

"ದೇವರಿಗೆ ಒಂದು ಚಿಲಕ ಹಾಕೋಕೆ ಬರಲ್ವಾ ಅತ್ತೆ?"

"ಚಿಲಕ ಮರನ ಹಿಡಿಯುತ್ತೆ. ಒಳಗಿರೋದು ಮರ ಅಲ್ಲ."

ವರ್ಷ ಕಳೆಯುವಷ್ಟರಲ್ಲಿ ಅತ್ತೆ ಜ್ವರದಿಂದ ಹಾಸಿಗೆ ಹಿಡಿದರು. ಸರದಿ ಹೆಂಡತಿಗೆ ಬಂತು. ತುಂಬು ಗರ್ಭಿಣಿ, ತಣ್ಣನೆಯ ಕಲ್ಲುನೆಲ, ಮೂಗಿಗೆ ಬಡಿಯುವ ಬೂಷ್ಟಿನ ವಾಸನೆ. ಅವನಿಂದ ನೋಡಲಾಗಲಿಲ್ಲ. ಮಧ್ಯಾಹ್ನ ಅಂಗಡಿಯಿಂದ ದಪ್ಪ ಕಬ್ಬಿಣದ ಚಿಲಕ ತಂದು, ಉದ್ದನೆಯ ಸ್ಕ್ರೂಗಳನ್ನು ಮೈಭಾರ ಹಾಕಿ ತಿರುಗಿಸಿ ಬಿಗಿದ.

"ಆನೆ ಬಂದು ಗುದ್ದಿದ್ರೂ ಅಲ್ಲಾಡಲ್ಲ. ಏಳು."

"ರೀ, ಬೇಡ. ಅಮ್ಮ ಬರ್ಲಿ."

ಅವನು ಕೇಳಲಿಲ್ಲ. ಮಣಿಕಟ್ಟು ಹಿಡಿದು ಅವಳ ಕೈಯನ್ನು ಬಾಗಿಲಿನಿಂದ ಬಿಡಿಸಿಯೇಬಿಟ್ಟ.

ಮೊದಲು ಬಂದದ್ದು ವಾಸನೆ, ಕೂದಲು ಸುಟ್ಟಂತೆ. ಬಲ್ಬು ಮಂಕಾಯಿತು. ಆಮೇಲೆ ಕಿರ್ರ್ ಎಂಬ ಸದ್ದು. ಬಿಗಿದ ಸ್ಕ್ರೂ ತಾನೇ ತಿರುಗುತ್ತಿತ್ತು. ಹೊರಕ್ಕೆ. ಮೆಲ್ಲಗೆ. ಅದು ಕಲ್ಲಿನ ಮೇಲೆ ಠಣ್ಣೆಂದು ಬಿತ್ತು. ಅವನು ಸ್ಕ್ರೂಡ್ರೈವರ್ ಊರಿ ಮತ್ತೊಂದನ್ನು ಒಳಕ್ಕೆ ತಿರುಗಿಸಿದ. ಅದು ಅವನ ಮಣಿಕಟ್ಟನ್ನೇ ತಿರುಚಿತು. ಇನ್ನೊಂದು ಬಿತ್ತು. ಚಿಲಕ ಜೋತುಬಿತ್ತು. ಬಾಗಿಲು ಬಿರಿಯಿತು. ಸಂದಿನಲ್ಲಿ ಕತ್ತಲು. ಅದು ಉಸಿರಾಡುತ್ತಿತ್ತು.

ಅವನು ಎರಡೂ ಅಂಗೈ ಕೊಟ್ಟು ಬಾಗಿಲಿಗೆ ಬಿದ್ದ. ಮರದಾಚೆಯಿಂದ ಬೆರಳಿಗೆ ಬೆರಳು ಹೊಂದಿಸಿ ಏನೋ ಒತ್ತಿತು. ಕಾಲು ಜಾರಿತು. ಎಂದೂ ಪ್ರಾರ್ಥಿಸದ ಬಾಯಿ ತೊದಲಿತು.

"ತಡಿ ಸ್ವಾಮಿ. ನನ್ ಕೈಲಾಗಲ್ಲ. ನೀನೇ ತಡಿ."

ಬಾಗಿಲು ನಿಂತಿತು. ಹಿಂದೆ ಹೆಂಡತಿ ನರಳಿದಳು.

"ರೀ, ನೋವು ಶುರುವಾಯ್ತು."

"ಮೇಲೆ ಹೋಗು. ಅಮ್ಮನ್ನ ಎಬ್ಬಿಸು. ನಾನು ಹಿಡ್ಕೊಂಡಿರ್ತೀನಿ."

ಅವಳು ಗೋಡೆ ಹಿಡಿದು ಮೆಟ್ಟಿಲು ಹತ್ತಿದಳು. ಮೇಲೆ ಮಂಚ ಕಿರುಗುಟ್ಟಿತು. ಅತ್ತೆಯ ದನಿ ಕೇಳಿಸಿತು. ಹೆಂಡತಿ ಚೀರಿದಳು. ಮತ್ತೆ ಚೀರಿದಳು. ಆಮೇಲೆ ಏನೂ ಇಲ್ಲ.

ಆಗ ಹಸುಗೂಸೊಂದು ಅತ್ತಿತು. ಮೇಲಲ್ಲ. ಅವನ ಅಂಗೈ ಕೆಳಗೆ, ಬಾಗಿಲ ಆಚೆ.

"ರೀ," ಎಂದು ಹೆಂಡತಿಯ ದನಿಯೂ ಅಲ್ಲಿಂದಲೇ ಬಂತು, "ಮಗು ನೋಡಲ್ವಾ? ಕೈ ತೆಗೀರಿ."

ಅವನು ಕತ್ತೆತ್ತಿ ಗಂಟಲು ಹರಿಯುವಂತೆ ಕೂಗಿದ. "ಅತ್ತೇ! ಬದುಕಿದ್ದಾರಾ ಇಬ್ರೂ? ಅಷ್ಟಾದ್ರೂ ಹೇಳಿ!"

ಮೇಲಿಂದ ಉತ್ತರವಿಲ್ಲ. ಹತ್ತಿ ಹೋಗಿ ನೋಡಬೇಕೆಂದರೆ ಕೈ ತೆಗೆಯಬೇಕು. ಆಚೆ ಕಂದ ಬಿಕ್ಕಿಬಿಕ್ಕಿ ಅಳುತ್ತಿತ್ತು. ಅವನೂ ಅಳುತ್ತಿದ್ದ. ಕೈ ಮಾತ್ರ ತೆಗೆಯಲಿಲ್ಲ.