ಕೆಂಚನ್ನ ಕರೆದೋರು

ಇದರಲ್ಲಿ ಒಂದಕ್ಷರ ಸುಳ್ಳಿದ್ರೆ ಮೀಸೆ ಬೋಳಿಸ್ಕೊಳ್ತೀನಿ ಕಣೋ ದೇವೀರಪ್ಪ. ಹೋದ ವರ್ಷ ಬೋಳಿಸ್ಕೊಂಡಿದ್ದು ಬೇರೆ ವಿಷಯಕ್ಕೆ. ನಿನ್ನೆ ಬಸ್ ಸ್ಟಾಂಡಲ್ಲಿ ಮಲಗಿದ್ದೆ, ಇವತ್ತು ನಿಮ್ಮನೇಲಿ ಜಾಗ ಕೊಡು. ಯಾಕೆ ಅಂತ ಈ ಟೀ ಅಂಗಡೀಲೇ ಹೇಳ್ತೀನಿ.

ನಾನೂ ನಮ್ಮ ನಾಯಿ ಕೆಂಚನೂ ದಿನಾ ಸಾಯಂಕಾಲ ಹಿರೇನಲ್ಲೂರು ಕಡೆ ಗುಡ್ಡದ ಕಾಲ್ದಾರೀಲಿ ಅಡ್ಡಾಡ್ತೀವಲ್ಲ, ಅಲ್ಲಿ ಹೊಂಗೆ ಮರದ ಬುಡದಲ್ಲೊಂದು ಕಲ್ಲಿದೆ. ಅಲ್ಲಿ ಕೂರೋನು ನಾನೊಬ್ಬನೇ.

ಮಳೆಗಾಲದಲ್ಲಿ ನೋಡಿದ್ರೆ, ಕೆಸರಲ್ಲಿ ನನ್ನ ಚಪ್ಪಲಿ ಗುರುತು ನನಗಿಂತ ಮುಂಚೆ ಹೋಗಿತ್ತು. ಎಡಗಡೆ ಹಿಮ್ಮಡಿ ಸವೆದಿದ್ದೂ ಹಂಗೇ. ಚಳೀಲಿ ಕಲ್ಲು ಬೆಚ್ಚಗಿತ್ತು, ಯಾರೋ ಈಗಷ್ಟೇ ಎದ್ದು ಹೋದಂಗೆ. ಬೇಸಿಗೇಲಿ ಕೆಂಚ ಕಲ್ಲಿನ ಪಕ್ಕ ಮಲಗಿದ್ರೆ ತಲೆ ನೆಲಕ್ಕೆ ತಾಗ್ತಿರಲಿಲ್ಲ. ಯಾರದೋ ತೊಡೆ ಮೇಲಿಟ್ಟಂಗೆ ಗಾಳೀಲೇ ಇರ್ತಿತ್ತು.

ಹೆದರಿಕೆನಾ? ಏನೂ ಅನ್ನಿಸ್ಲಿಲ್ಲ ಕಣೋ. ಹೊಂಗೆ ಹೂವು ನೋಡ್ಕೊಂಡು ನಿಂತಿರ್ತಿದ್ದೆ.

ಮೊನ್ನೆ "ಕೆಂಚಾ, ಬಾರೋ" ಅಂತ ಕರೀಬೇಕು ಅನ್ನೋಷ್ಟರಲ್ಲಿ ಮರದ ಆಚೆಯಿಂದ ನನ್ನ ದನೀಲೇ ಯಾರೋ ಕರೆದ್ರು. ಕೆಂಚ ನನ್ನ ನೋಡ್ದ, ಆ ಕಡೆ ನೋಡ್ದ, ಬಾಲ ಆಡಿಸ್ಕೊಂಡು ಆ ಕಡೇನೇ ಹೋದ.

ನಿನ್ನೆವರೆಗೂ ಹುಡುಕಿ ಒಬ್ಬನೇ ಮನೆಗೆ ಬಂದೆ. ಜಗಲಿ ಮೇಲೆ ಮಲಗಿದ್ದ ಕೆಂಚ ನನ್ನ ನೋಡಿ ಬೊಗಳ್ದ. ನಮ್ಮನೆಯೋಳು ಶಂಕರಮ್ಮ ಈಚೆ ಬಂದು, "ಇದೇನ್ರೀ, ಈಗ ತಾನೇ ಕೈಕಾಲು ತೊಳ್ಕೊಂಡು ಊಟಕ್ಕೆ ಕೂತ್ರಿ. ಹೊರಗೆ ಯಾವಾಗ ಬಂದ್ರಿ?" ಅಂದ್ಲು. ನಾನು ಒಳಗೆ ಇಣುಕಿದೆ. ತಟ್ಟೆ ಮುಂದೆ ಕೂತಿದ್ದೋನು ತಲೆ ಎತ್ತಿ...

ಲೇ ದೇವೀರಪ್ಪ, ಎದ್ದು ಎಲ್ಲಿಗೋ? ಟೀ ಆರ್ತಾ ಇದೆ. ಇರೋ, ನಾನೂ ಬತ್ತೀನಿ. ನಿಮ್ಮನೆ ಬಾಗಿಲು ಮಾತ್ರ ಹಾಕ್ಬೇಡ ಕಣೋ...